ತಣ್ಣನೆಯ ಹಾಸಿಗೆಗಳು

ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದ ಊರುಗಳಲ್ಲಿ ‘ತಣ್ಣನೆಯ ಹಾಸಿಗೆ’ ಎಂಬ ಮಾತೊಂದು ಬಳಕೆಯಲ್ಲಿದೆ. ವರ್ಷಕ್ಕೆ ಎರಡೋ ಮೂರೋ ವಾರ ಮಾತ್ರ ಯಾರಾದರೂ ಬಂದು ಮಲಗುವ, ಉಳಿದ ದಿನಗಳಲ್ಲಿ ಕಿಟಕಿ ಮುಚ್ಚಿಕೊಂಡು ನಿಲ್ಲುವ ಮನೆಗಳ ಹಾಸಿಗೆಗೆ ಆ ಹೆಸರು. ಗಡಿಯಾಚೆಯ ಫ್ರಾನ್ಸಿನವರೂ ಇದೇ ಮಾತನ್ನು ತಮ್ಮ ಭಾಷೆಯಲ್ಲಿ ಆಡುತ್ತಾರೆ. ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಹೆಸರಾದ ಈ ಊರುಗಳಲ್ಲಿ ಹಾಸಿಗೆಗಳಿಗೆ ಬರವಿಲ್ಲ. ಬರವಿರುವುದು ತಿಂಗಳ ಲೆಕ್ಕದಲ್ಲಿ, ದುಡಿಯುವವನ ಕೈಗೆಟುಕುವ ಬಾಡಿಗೆಗೆ ಸಿಗುವ ಹಾಸಿಗೆಗೆ.

ಸ್ಕೀ ಋತುವೆಂದರೆ ನವೆಂಬರಿನ ಕೊನೆಯಿಂದ ಏಪ್ರಿಲ್‌ವರೆಗಿನ ಐದು ತಿಂಗಳು. ಈ ಐದು ತಿಂಗಳು ಬೆಟ್ಟದಲ್ಲಿ ನೆಲೆಸಬೇಕಾದವರು ಯಾರು? ಆಟ ಕಲಿಸುವ ಶಿಕ್ಷಕ, ಹಗ್ಗದಾರಿಯ ಕುರ್ಚಿಗಳನ್ನು ನಡೆಸುವ ಹುಡುಗ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು, ಕೋಣೆ ಗುಡಿಸುವವಳು, ಇರುಳೆಲ್ಲ ಯಂತ್ರ ಓಡಿಸಿ ಹಿಮವನ್ನು ಹದಗೊಳಿಸುವ ಚಾಲಕ. ಜೊತೆಗೆ ಓದಿಗೆ ಒಂದು ವರ್ಷ ವಿರಾಮ ಕೊಟ್ಟು ಆಟ ಕಲಿಯಲೆಂದು ಬರುವ, ಜೇಬಿನಲ್ಲಿ ಹೆಚ್ಚು ಹಣವಿಲ್ಲದ ವಿದ್ಯಾರ್ಥಿಗಳು. ಇವರಿಗೆ ಬೇಕಾದದ್ದು ಒಂದು ಕೋಣೆ, ಒಂದು ಒಲೆ, ಒದ್ದೆ ಬೂಟು ಒಣಗಿಸಲು ಒಂದು ಮೂಲೆ. ಆದರೆ ಮನೆಯ ಒಡೆಯನ ಲೆಕ್ಕ ಬೇರೆ. ಕ್ರಿಸ್‌ಮಸ್‌ನ ಹತ್ತು ರಾತ್ರಿಗಳಲ್ಲಿ ಪ್ರವಾಸಿಗರು ಕೊಡುವ ಹಣ ದುಡಿಯುವವನೊಬ್ಬ ತಿಂಗಳಿಡೀ ಕೊಡಬಲ್ಲ ಬಾಡಿಗೆಯನ್ನು ಮೀರುತ್ತದೆ. 2008ರಲ್ಲಿ ಏರ್‌ಬಿಎನ್‌ಬಿ ಹುಟ್ಟಿದ ಮೇಲೆ ಹೋಟೆಲುಗಳಿಗೆ ಸೀಮಿತವಾಗಿದ್ದ ಈ ರಾತ್ರಿಯ ಲೆಕ್ಕ ಓಣಿಯ ಪ್ರತಿ ಮನೆಗೂ ನುಗ್ಗಿತು. ಅಟ್ಟದ ಕೋಣೆಯನ್ನು ಶಾಲಾ ಮಾಸ್ತರಿಗೆ ಬಾಡಿಗೆಗೆ ಕೊಡುತ್ತಿದ್ದ ಅಜ್ಜಿಯ ಮಕ್ಕಳು ಅದೇ ಕೋಣೆಗೆ ಬೀಗದ ಪೆಟ್ಟಿಗೆ ತೂಗುಹಾಕಿ ರಾತ್ರಿಯ ಲೆಕ್ಕದಲ್ಲಿ ಮಾರತೊಡಗಿದರು.

ಇಂಥ ಊರಿಗೆ ಹೊರಟು ನಿಂತವನಿಗೆ ಸಿಗುವ ಉಪದೇಶಗಳು ಎಲ್ಲೆಡೆ ಒಂದೇ. ಸೆಪ್ಟೆಂಬರಿನಲ್ಲಿಯೇ ಹೋಗಿ ಕೋಣೆ ಹಿಡಿ. ನಾಲ್ಕಾರು ಜನ ಸೇರಿ ಹಂಚಿಕೋ. ಕಣಿವೆಯ ಕೆಳಗಿನ ಊರಿನಲ್ಲಿದ್ದು ದಿನವೂ ಓಡಾಡು. ರೆಸಾರ್ಟಿನಲ್ಲಿಯೇ ಕೆಲಸ ಹಿಡಿದರೆ ಅವರೇ ಹಾಸಿಗೆ ಕೊಡುತ್ತಾರೆ. ಉಪದೇಶಗಳಲ್ಲಿ ಸುಳ್ಳಿಲ್ಲ. ಆದರೆ ಹತ್ತು ಮಕ್ಕಳಿಗೆ ಆರು ಕುರ್ಚಿಯಿಟ್ಟು ಆಟ ಆಡಿಸಿ, ನಿಂತೇ ಉಳಿದ ನಾಲ್ವರಿಗೆ ‘ನೀವು ಚುರುಕಾಗಿ ಓಡಬೇಕಿತ್ತು’ ಎನ್ನುವ ಬುದ್ಧಿವಾದವಿದು. ಕುರ್ಚಿಗಳನ್ನು ಎತ್ತಿಟ್ಟವರು ಯಾರೆಂಬ ಪ್ರಶ್ನೆ ಅದರಲ್ಲಿಲ್ಲ.

ಮೂರನೆಯ ಉಪದೇಶವನ್ನೇ ನೋಡಬಹುದು. ಅಮೆರಿಕದ ವಯೋಮಿಂಗ್ ರಾಜ್ಯದ ಜಾಕ್ಸನ್ ಊರು ಟೀಟನ್ ಕೌಂಟಿಯಲ್ಲಿದೆ. ಅಲ್ಲಿನ ನೆಲದಲ್ಲಿ ಸುಮಾರು ಶೇ 97ರಷ್ಟು ಕೇಂದ್ರ ಸರ್ಕಾರದ ಅರಣ್ಯ ಮತ್ತು ಉದ್ಯಾನ. ಉಳಿದ ಚೂರು ನೆಲಕ್ಕೆ ಆ ದೇಶದ ಅತಿ ಶ್ರೀಮಂತರು ಮುಗಿಬಿದ್ದಿದ್ದಾರೆ. ಹೀಗಾಗಿ ಜಾಕ್ಸನ್ನಿನ ಅಡುಗೆಯವರು, ದಾದಿಯರು, ಶಿಕ್ಷಕರು, ಬಸ್ ಚಾಲಕರು ಬೆಟ್ಟದ ಆಚೆ ಬದಿಯಲ್ಲಿ, ಐಡಹೊ ರಾಜ್ಯದ ವಿಕ್ಟರ್, ಡ್ರಿಗ್ಸ್ ಮುಂತಾದ ಊರುಗಳಲ್ಲಿದ್ದು ಟೀಟನ್ ಘಟ್ಟವನ್ನು ನಿತ್ಯ ಹತ್ತಿಳಿಯುತ್ತಾರೆ. 2024ರ ಜೂನ್ 8ರಂದು ಆ ಘಟ್ಟದ ರಸ್ತೆಯ ಒಂದು ತಿರುವು ಪೂರ್ತಿಯಾಗಿ ಕುಸಿದು ಕಣಿವೆಗೆ ಜಾರಿತು. 28ರಂದು ತಾತ್ಕಾಲಿಕ ರಸ್ತೆ ತೆರೆಯುವವರೆಗೆ ಆ ಜನ ದಕ್ಷಿಣದ ಸುತ್ತುದಾರಿ ಹಿಡಿದು, ಪ್ರತಿ ಸಲವೂ ಗಂಟೆಗೂ ಮೀರಿದ ಹೆಚ್ಚಿನ ಹೊತ್ತನ್ನು ದಾರಿಯಲ್ಲಿ ಕಳೆದರು. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದಾಗಿನ ದಿನಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ. ಜಾಕ್ಸನ್ನಿನಲ್ಲಿ ರಸ್ತೆ ತುಂಡಾದಾಗ ಪ್ರವಾಸಿಗರು ಊರಿನಲ್ಲಿಯೇ ಇದ್ದರು. ಹೊರಗುಳಿದವರು ಊರನ್ನು ನಡೆಸುವವರು.

ಕೊಲರಾಡೊ ರಾಜ್ಯದ ಆಸ್ಪೆನ್‌ನದೂ ಇದೇ ಕಥೆ. ಅಲ್ಲಿ ದುಡಿಯುವವರ ವಸತಿ ಕಣಿವೆಗುಂಟ ಕೆಳಕೆಳಗೆ ಸರಿಯುತ್ತ ಬಸಾಲ್ಟ್, ಕಾರ್ಬಂಡೇಲ್‌ಗಳನ್ನು ದಾಟಿ ಸುಮಾರು 65 ಕಿಲೋಮೀಟರ್ ದೂರದ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ವರೆಗೂ ಅದರಾಚೆಗೂ ಹಬ್ಬಿದೆ. ಹಿಮದ ಉಳಿವಿಗಾಗಿ ಕಾಳಜಿ ತೋರುವ ಫಲಕಗಳನ್ನು ನೆಟ್ಟ ರೆಸಾರ್ಟಿಗೆ ನಿತ್ಯ ಬೆಳಗ್ಗೆ ಸಾಲುಗಟ್ಟಿ ಹೊಗೆಯುಗುಳುತ್ತ ಬರುವ ವಾಹನಗಳ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕು?

ನಾಲ್ಕನೆಯ ಉಪದೇಶ, ಅಂದರೆ ಕಂಪನಿ ಕೊಡುವ ಹಾಸಿಗೆ, ಮಲೆನಾಡಿನವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗಬೇಕು. ಕಾಫಿ ತೋಟದ ಲೈನ್ ಮನೆ ಎಂದರೇನೆಂದು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಯಾವ ಕೂಲಿಯಾಳನ್ನು ಕೇಳಿದರೂ ಹೇಳಿಯಾನು. ಕೆಲಸ ಇರುವಷ್ಟು ದಿನ ಸೂರು. ಮಾಲೀಕನೊಡನೆ ಮಾತಿಗೆ ಮಾತು ಬೆಳೆದ ದಿನ ಕೆಲಸದ ಜೊತೆಗೆ ಸೂರೂ ಹೋಗುತ್ತದೆ. ಆದ್ದರಿಂದ ಮಾತು ಬೆಳೆಯುವುದಿಲ್ಲ. ತಲೆಮಾರುಗಳು ಕಳೆದರೂ ಆ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಸ್ಕೀ ರೆಸಾರ್ಟಿನ ‘ಸಿಬ್ಬಂದಿ ವಸತಿ’ಗೆ ಗೋಡೆ ಬೆಚ್ಚಗಿದೆ, ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಬಾಡಿಗೆಯನ್ನು ಸಂಬಳದಿಂದ ಮುರಿದುಕೊಳ್ಳುವ ವ್ಯವಸ್ಥೆ ಅಚ್ಚುಕಟ್ಟಾಗಿದೆ. ತಿರುಳಿನಲ್ಲಿ ಅದು ಲೈನ್ ಮನೆಯೇ. ಕಾಲು ಮುರಿದುಕೊಂಡವನಿಗೆ, ಹಿಮ ಕಡಿಮೆಯಾಗಿ ಕೆಲಸ ನಿಂತವಳಿಗೆ, ಮೇಲಧಿಕಾರಿಯನ್ನು ಪ್ರಶ್ನಿಸಿದವನಿಗೆ ಗಂಟುಮೂಟೆ ಕಟ್ಟುವ ದಿನವೂ ಅದೇ ಕಾಗದದಲ್ಲಿ ಬಂದಿರುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ ಹಾಸಿಗೆ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಬಾಯಿಯ ಬೀಗವೂ ಇರುತ್ತದೆ.

ಹಾಗಿದ್ದೂ ಬಾಯಿ ತೆರೆದವರಿದ್ದಾರೆ. ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ 2024ರ ಡಿಸೆಂಬರ್ 27ರಂದು, ವರ್ಷದ ಅತಿ ಲಾಭದ ವಾರದಲ್ಲಿ, ಸ್ಕೀ ಗಸ್ತಿನವರು ಮುಷ್ಕರ ಹೂಡಿದರು. ಮುಂಜಾನೆ ಸಿಡಿಮದ್ದಿಟ್ಟು ಹಿಮಪಾತದ ಅಪಾಯ ಕಳೆಯುವವರು, ಬಿದ್ದವರನ್ನು ಹೊತ್ತು ತರುವವರು ಇವರು. ಗಂಟೆಗೆ 21 ಡಾಲರಿದ್ದ ಆರಂಭದ ಕೂಲಿಯನ್ನು 23ಕ್ಕೆ ಏರಿಸಬೇಕೆಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ಕಾಯುವ ಬೆಟ್ಟದ ಬುಡದಲ್ಲಿ ಬದುಕುವುದೇ ಆ ಕೂಲಿಯಲ್ಲಿ ಅಸಾಧ್ಯವೆಂದು ಅವರು ಹೇಳಿದರು. ಗಸ್ತಿಲ್ಲದೆ ಅನೇಕ ಇಳಿಜಾರುಗಳು ಮುಚ್ಚಿದವು, ಸಾವಿರಾರು ಡಾಲರ್ ತೆತ್ತು ಬಂದವರು ಸಾಲಿನಲ್ಲಿ ನಿಂತು ಸಿಟ್ಟಾದರು. ಹದಿಮೂರು ದಿನಗಳ ಬಳಿಕ, ಜನವರಿ 8ರಂದು ಒಪ್ಪಂದವಾಯಿತು. ಬೇಡಿದ್ದು ಸಿಕ್ಕಿತು.

ಇಲ್ಲಿ ಪರಿಸರವಾದಿಗಳಿಗೆ ಒಂದು ತೊಡಕಿನ ಪ್ರಶ್ನೆ ಎದುರಾಗುತ್ತದೆ. ಮನೆಯಿಲ್ಲವೆಂದರೆ ಮನೆ ಕಟ್ಟಿ ಎನ್ನುವುದು ಸುಲಭದ ಉತ್ತರ. ಎಲ್ಲಿ ಕಟ್ಟಬೇಕು? ಕೊಲರಾಡೊದ ವೇಲ್ ಪಟ್ಟಣದಲ್ಲಿ ಸ್ಕೀ ಕಂಪನಿಯೇ ತನ್ನ ನೌಕರರಿಗಾಗಿ 165 ಹಾಸಿಗೆಗಳ ವಸತಿ ಕಟ್ಟಲು ಪೂರ್ವ ವೇಲಿನ ಒಂದು ಇಳಿಜಾರನ್ನು ಆರಿಸಿತು. ಅದು ದೊಡ್ಡ ಕೊಂಬಿನ ಕಾಡುಕುರಿಗಳು ಚಳಿಗಾಲದಲ್ಲಿ ಮೇವಿಗೆ ಇಳಿದು ಬರುವ ಜಾಗ. ಎತ್ತರದಲ್ಲಿ ಹಿಮ ತುಂಬಿದಾಗ ಅವುಗಳಿಗೆ ಬೇರೆ ನೆಲೆಯಿಲ್ಲ. ಪಟ್ಟಣ ಎರಡು ಹೋಳಾಯಿತು. 2022ರಲ್ಲಿ ಪಟ್ಟಣ ಸಭೆ ಕಡ್ಡಾಯ ಭೂಸ್ವಾಧೀನಕ್ಕೆ ಮತ ಹಾಕಿ, ವ್ಯಾಜ್ಯ ನಡೆದು, ಕೊನೆಗೆ ಆ ಜಾಗ ಪಟ್ಟಣದ ವಶವಾಗಿ ಕುರಿಗಳ ಪಾಲಿಗೆ ಉಳಿಯಿತು.

ಕುರಿ ಉಳಿದದ್ದು ಒಳ್ಳೆಯದೇ. ಆದರೆ ಆ ಗೆಲುವಿಗೆ ಚಪ್ಪಾಳೆ ತಟ್ಟುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಅದೇ ಕಣಿವೆಯಲ್ಲಿ ಮೊದಲೇ ದೊಡ್ಡ ದೊಡ್ಡ ಮನೆಗಳು ಎದ್ದು ನಿಂತಿದ್ದವು, ಅವುಗಳಲ್ಲಿ ಎಷ್ಟೋ ಮನೆಗಳು ವರ್ಷದ ಬಹುಪಾಲು ಖಾಲಿ. ಅವು ಏಳುವಾಗ ಕುರಿಯ ದಾರಿಯ ಬಗ್ಗೆ ಇಷ್ಟು ಗದ್ದಲವಾಗಿರಲಿಲ್ಲ. ಕೂಲಿಯವನ ಹಾಸಿಗೆಯ ಮಾತು ಬಂದೊಡನೆ ಕುರಿಯ ನೆನಪಾಗುವ ಪರಿಸರಪ್ರೇಮವನ್ನು ಬಡವರು ನಂಬದಿದ್ದರೆ ತಪ್ಪು ಅವರದಲ್ಲ. ಪಶ್ಚಿಮಘಟ್ಟದಲ್ಲಿ ಈ ಅಪನಂಬಿಕೆಯ ಬೆಲೆ ಎಷ್ಟೆಂದು ಚಳವಳಿಗಳಿಗೆ ಗೊತ್ತಿದೆ. ಹುಲ್ಲು ಹೊದಿಸಿದ ಗುಡಿಸಲಿಗೆ ನೋಟಿಸು ಬರುತ್ತದೆ, ಗುಡ್ಡದ ನೆತ್ತಿ ಸವರಿ ಕಟ್ಟಿದ ರೆಸಾರ್ಟಿಗೆ ರಸ್ತೆ ಬರುತ್ತದೆ.

ಕುರಿಯೋ ಕೂಲಿಯೋ ಎಂಬ ಪ್ರಶ್ನೆಯೇ ಖೊಟ್ಟಿಯೆಂಬುದಕ್ಕೆ ಸಾಕ್ಷಿಯೂ ಅದೇ ವೇಲ್ ಪಟ್ಟಣದಲ್ಲಿದೆ. 2017ರಿಂದ ಅಲ್ಲಿನ ಆಡಳಿತ ಒಂದು ಬೇರೆ ದಾರಿ ಹಿಡಿದಿದೆ. ಮನೆಯ ಒಡೆಯನಿಗೆ ಹಣ ಕೊಟ್ಟು, ಆ ಮನೆಯ ಪತ್ರದಲ್ಲಿಯೇ ಒಂದು ಷರತ್ತನ್ನು ಬರೆಸಿಕೊಳ್ಳುತ್ತದೆ: ಇನ್ನು ಮುಂದೆ ಇಲ್ಲಿ, ಅದೇ ಕೌಂಟಿಯಲ್ಲಿ ವಾರಕ್ಕೆ ಸರಾಸರಿ 30 ಗಂಟೆಯಾದರೂ ದುಡಿಯುವವರೊಬ್ಬರು ವಾಸಿಸಬೇಕು. ಪಹಣಿಯ ಮೇಲೆ ಋಣ ದಾಖಲಾದಂತೆ ಈ ಷರತ್ತು ಮನೆ ಕೈಬದಲಾದರೂ ಅದರ ಬೆನ್ನಿಗಿರುತ್ತದೆ. ಒಂದು ಮರ ಬೀಳಲಿಲ್ಲ, ಒಂದು ಬುಟ್ಟಿ ಮಣ್ಣು ಅಗೆಯಲಿಲ್ಲ, ಹಾಸಿಗೆ ಬೆಚ್ಚಗಾಯಿತು. ಮಾರಾಟದ ಬೆಲೆಗೆ ಇದರಲ್ಲಿ ಮಿತಿಯಿಲ್ಲವೆಂಬುದು ಕೊರತೆ. ಆದರೂ ಬೆಟ್ಟ ಕಡಿಯದೆ ಮನೆ ಹುಟ್ಟಿಸಬಹುದೆಂದು ಅದು ತೋರಿಸಿತು.

ಸ್ವಿಟ್ಜರ್ಲೆಂಡ್ ಇದಕ್ಕೂ ಮೊದಲೇ, ಇನ್ನೂ ಗಟ್ಟಿಯಾದ ಹೆಜ್ಜೆ ಇಟ್ಟಿತ್ತು. ಪರಿಸರವಾದಿ ಫ್ರಾನ್ಸ್ ವೇಬರ್ ಮುಂದಿಟ್ಟ ಪ್ರಸ್ತಾವ 2012ರ ಮಾರ್ಚ್ 11ರಂದು ದೇಶವ್ಯಾಪಿ ಜನಮತಕ್ಕೆ ಬಂದು ಶೇ 50.6 ಮತಗಳಿಂದ, ಅಂದರೆ ಕೂದಲೆಳೆಯಲ್ಲಿ, ಗೆದ್ದಿತು. ಯಾವ ಗ್ರಾಮದಲ್ಲಿ ಎರಡನೆಯ ಮನೆಗಳ ಪ್ರಮಾಣ ಶೇ 20ನ್ನು ಮೀರಿದೆಯೋ ಅಲ್ಲಿ ಹೊಸದಾಗಿ ಅಂಥ ಮನೆ ಕಟ್ಟುವಂತಿಲ್ಲ. ಪೇಟೆಯವರು ಪರ, ವಾಲೆ ಮುಂತಾದ ಬೆಟ್ಟದ ಪ್ರಾಂತಗಳವರು ವಿರೋಧ. ವಿರೋಧಿಸಿದವರು ಬಂಡವಾಳಗಾರರು ಮಾತ್ರವಾಗಿರಲಿಲ್ಲ. ಬಡಗಿ, ಗಾರೆಯವರು, ತಮ್ಮ ತುಂಡು ನೆಲವನ್ನು ಮಾರಿ ಮಕ್ಕಳನ್ನು ಓದಿಸಬೇಕೆಂದಿದ್ದ ರೈತರೂ ಇದ್ದರು. ‘ಜೂರಿಕ್ಕಿನಲ್ಲಿ ಕುಳಿತವರು ಬೆಟ್ಟದವರಿಗೆ ಅನ್ನದ ದಾರಿ ಹೇಳಿಕೊಡುವುದೇ?’ ಎಂಬ ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲದಿಲ್ಲ. ಬೆಂಗಳೂರಿನಿಂದ ಘಟ್ಟಕ್ಕೆ ಬರುವ ಆಜ್ಞೆಗಳನ್ನು ಕಂಡವರು ಅದನ್ನು ಹಗುರವಾಗಿ ತಳ್ಳಿಹಾಕಲಾರರು.

ಆದರೆ ಮುಂದೆ ನಡೆದದ್ದು ಸಿಟ್ಟಿಗಿಂತ ದೊಡ್ಡ ಪಾಠ. 2016ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆ ಹೊಸ ಮನೆಗಳನ್ನು ತಡೆಯಿತು, 2012ಕ್ಕಿಂತ ಹಿಂದಿನ ಮನೆಗಳನ್ನು ಮುಟ್ಟಲಿಲ್ಲ. ಅಂದರೆ ಊರಿನ ಮುದುಕ ತೀರಿಕೊಂಡಾಗ ಅವನ ಹಳೆಯ ಮನೆಯನ್ನು ಪೇಟೆಯ ಶ್ರೀಮಂತನಿಗೆ ರಜೆಯ ಮನೆಯಾಗಿ ಮಾರಲು ಅಡ್ಡಿಯಿಲ್ಲ. ಹೊಸದು ಸಿಗದಾದಾಗ ಹಳೆಯದಕ್ಕೆ ಬೆಲೆ ಏರಿತು. ಎಂಗಡೀನ್‌ನಂಥ ಕಣಿವೆಗಳಲ್ಲಿ ತಲೆಮಾರುಗಳಿಂದ ಜನ ವಾಸವಿದ್ದ ಮನೆಗಳೇ ಒಂದೊಂದಾಗಿ ತಣ್ಣಗಾಗತೊಡಗಿದವು. ಬೇಲಿಯನ್ನು ಗದ್ದೆಯ ಮೂರು ಬದಿಗೆ ಹಾಕಿ ನಾಲ್ಕನೆಯ ಬದಿಯನ್ನು ದನಗಳ ದಯೆಗೆ ಬಿಟ್ಟಂತಾಯಿತು. 2024ರ ಅಕ್ಟೋಬರಿನಿಂದ ಸಂಸತ್ತು ಬೇಲಿಯನ್ನು ಇನ್ನಷ್ಟು ಸಡಿಲಿಸಿದೆ. ಆ ಹಳೆಯ ಮನೆಗಳನ್ನು ಕೆಡವಿ ಹಿಗ್ಗಿಸಿ ಕಟ್ಟಲೂ ಅವಕಾಶ ಕೊಟ್ಟಿದೆ.

ಫ್ರಾನ್ಸ್ ಬೇರೊಂದು ಬದಿಯಿಂದ ಕೈಹಾಕಿತು. 2018ರ ಕಾಯಿದೆಯೊಂದು ಒಂದರಿಂದ ಹತ್ತು ತಿಂಗಳ ಬಾಡಿಗೆ ಕರಾರನ್ನು ತಂದಿತು: ವಿದ್ಯಾರ್ಥಿಗಳಿಗೆ, ತರಬೇತಿಯಲ್ಲಿರುವವರಿಗೆ, ತಾತ್ಕಾಲಿಕ ಕೆಲಸದವರಿಗೆ ಮೀಸಲು, ಮುಂಗಡ ಠೇವಣಿ ಕೇಳುವಂತಿಲ್ಲ. ಕೆನಡಾದ ವಿಸ್ಲರ್ 1997ರಲ್ಲಿಯೇ ಸ್ಥಳೀಯ ವಸತಿ ಪ್ರಾಧಿಕಾರ ರಚಿಸಿತು. 2010ರ ಚಳಿಗಾಲದ ಒಲಿಂಪಿಕ್ಸ್ ಮುಗಿದ ಮೇಲೆ ಆಟಗಾರರ ಗ್ರಾಮವನ್ನು ದುಡಿಯುವವರ ಬಡಾವಣೆಯಾಗಿಸಿತು. ಅಷ್ಟಾದರೂ ಅಲ್ಲಿ ವ್ಯಾನಿನೊಳಗೆ ಮಲಗುವವರು ಇಲ್ಲವಾಗಿಲ್ಲ. ರಾತ್ರಿಯ ಲೆಕ್ಕಕ್ಕೆ ಲಗಾಮಿಲ್ಲದಿದ್ದರೆ ಎಷ್ಟು ಕಟ್ಟಿದರೂ ತೂತಿನ ಕೊಡ.

ಭಾರತದ ಸ್ಕೀ ಊರುಗಳು ಈ ಹಾದಿಯ ಮೊದಲ ಮೈಲಿಗಲ್ಲಿನಲ್ಲಿವೆ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ರೊಕ್ಕವಿಲ್ಲದವನು 13 ಕಿಲೋಮೀಟರ್ ಕೆಳಗಿನ ತಂಗ್‌ಮಾರ್ಗ್‌ನಲ್ಲಿ ಕೋಣೆ ಹುಡುಕುತ್ತಾನೆ. ಉತ್ತರಾಖಂಡದ ಔಲಿಗೆ ಬುಡದಲ್ಲಿರುವುದು ಜೋಶಿಮಠ. ಹಳೆಯ ಭೂಕುಸಿತದ ರಾಶಿಯ ಮೇಲೆ ನಿಂತ ಆ ಊರಿನಲ್ಲಿ ಭಾರಿ ಕಟ್ಟಡ ಸಲ್ಲದೆಂದು 1976ರಲ್ಲಿಯೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ರಸ್ತೆ, ಸುರಂಗ, ಜಲವಿದ್ಯುತ್ತು, ಬದ್ರಿಯ ಯಾತ್ರೆ, ಔಲಿಯ ಹಿಮ, ಎಲ್ಲಕ್ಕೂ ಬೇಕಾದ ಬಹುಮಹಡಿ ಹೋಟೆಲುಗಳು ಆ ವರದಿಯ ಮೇಲೆಯೇ ಎದ್ದವು. 2023ರ ಜನವರಿಯಲ್ಲಿ ನೆಲ ಜಾರಿ 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ಒಂದಕ್ಕೊಂದು ವಾಲಿಕೊಂಡ ಎರಡು ಹೋಟೆಲುಗಳನ್ನು ಬಿಚ್ಚಿ ಇಳಿಸಬೇಕಾಯಿತು. ಔಲಿಯ ಹಗ್ಗದಾರಿ ನಿಂತಿತು. ಹುಟ್ಟಿದ ಮನೆಗೆ ಕೆಂಪು ಗುರುತು ಬಿದ್ದ ಸಂಸಾರಗಳು ತಮ್ಮ ಊರಿನಲ್ಲಿಯೇ ತಿಂಗಳ ಬಾಡಿಗೆಯ ಮನೆ ಹುಡುಕಿ ಹೊರಟವು. ಅದಕ್ಕೆಂದು ಸರ್ಕಾರ ಪ್ರತಿ ಸಂಸಾರಕ್ಕೆ ಮೊದಲು ಘೋಷಿಸಿದ್ದು ತಿಂಗಳಿಗೆ 4,000 ರೂಪಾಯಿ, ಬಳಿಕ ಏರಿಸಿದ್ದು 5,000ಕ್ಕೆ. ಹಿಮ ಬಿದ್ದ ವಾರದಲ್ಲಿ ಆ ಹಣಕ್ಕೆ ಔಲಿಯಲ್ಲಿ ಎಷ್ಟು ರಾತ್ರಿಯ ಹಾಸಿಗೆ ಸಿಗುತ್ತದೆಂದು ಯಾವ ಹೋಟೆಲಿನವರನ್ನು ಕೇಳಿದರೂ ತಿಳಿದೀತು.