ನಾವೇ ಕರೆಸಿಕೊಂಡ ಅಂಚೆ

ಹೊಸನಗರ ತಾಲ್ಲೂಕಿನ ಹುಂಚದ ಪಂಚಕೂಟ ಬಸದಿಯ 1077ರ ಶಾಸನವನ್ನು ಕುರಿತು ಲೇಖನ ಸಿದ್ಧಪಡಿಸುತ್ತಿದ್ದಾಗ, ಸಾಗರದ ಸಂಶೋಧಕ ಮಿತ್ರರೊಬ್ಬರು ಇ-ಮೇಲ್ ಮೂಲಕ ಕಳುಹಿಸಿದ ಛಾಯಾಚಿತ್ರಗಳು ಎರಡು ವಾರ ನನ್ನ ಕಣ್ಣಿಗೆ ಬೀಳಲಿಲ್ಲ. ವಿಚಾರಸಂಕಿರಣಗಳ ಆಹ್ವಾನ, ಪುಸ್ತಕದಂಗಡಿಗಳ ರಿಯಾಯಿತಿ, ಪತ್ರಿಕೆಗಳ ವಿಷಯಸೂಚಿ ಇವುಗಳ ಅಡಿಯಲ್ಲಿ ಅವು ಹೂತುಹೋಗಿದ್ದವು.

ಇವನ್ನು ಸ್ಪ್ಯಾಮ್ ಎನ್ನಲಾಗದು. ಯಾವುದೋ ನಮೂನೆ ತುಂಬುವಾಗ ಅನುಮತಿಯಿತ್ತವರು ನಾವೇ. ಆದ್ದರಿಂದ ಸಿಟ್ಟಿನಲ್ಲಿ ಸ್ಪ್ಯಾಮ್ ಗುಂಡಿಯನ್ನೊತ್ತುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಅಂಥ ದೂರುಗಳು ಹೆಚ್ಚಿದರೆ ಆ ಸಂಸ್ಥೆಯ ಪತ್ರಗಳು ಬೇಕೆನ್ನುವವರನ್ನೂ ತಲುಪದೆ ಹೋಗಬಹುದು. ಬೇಡವಾದರೆ ಅನ್‌ಸಬ್‌ಸ್ಕ್ರೈಬ್ ಆಗುವುದೇ ನೇರ ಮಾರ್ಗ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರು ಪ್ರಚಾರಪತ್ರಗಳಲ್ಲಿ ಒಂದೇ ಕ್ಲಿಕ್ಕಿಗೆ ಹೊರಬರುವ ಸೌಲಭ್ಯ ಒದಗಿಸಬೇಕೆಂದು 2024ರಲ್ಲಿ ಗೂಗಲ್ ನಿಯಮ ಮಾಡಿದೆ.

ಹಾಗೆಂದು ಎಲ್ಲವನ್ನೂ ಕಡಿದುಹಾಕುವುದೂ ಸಲ್ಲದು. ವರ್ಷಕ್ಕೊಮ್ಮೆಯಾದರೂ ಸಂಶೋಧಕನಿಗೆ ಬೇಕಾಗುವ ಸೂಚನೆ ಅವುಗಳಲ್ಲಿರುತ್ತದೆ. ಫಿಲ್ಟರ್ ಹಾಕಿ ಅವನ್ನು ಬೇರೊಂದು ಲೇಬಲ್ಲಿಗೆ ಸಾಗಿಸಿ, ವಾರಕ್ಕೊಮ್ಮೆ ನೋಡಿದರೆ ಸಾಕು. ನಾನು ಈ ವ್ಯವಸ್ಥೆ ಮಾಡಿಕೊಂಡದ್ದು ತಡವಾಗಿ. ಮಿತ್ರರ ಚಿತ್ರಗಳನ್ನು ತೆರೆದಾಗ ನಾನು ತಪ್ಪಾಗಿ ಓದಿದ್ದ ಒಂದು ಅಕ್ಷರ ಸ್ಪಷ್ಟವಾಗಿ ಕಂಡಿತು. ಲೇಖನ ಅಷ್ಟರಲ್ಲಿ ಅಚ್ಚಾಗಿತ್ತು.