ಅಂಗಳಕ್ಕೆ ಬಿದ್ದ ತುತ್ತು

ಬೆಳಿಗ್ಗೆ ಗಿಡಕ್ಕೆ ನೀರು ಹಾಕಲು ಹೋದರೆ ಕರಿಬೇವಿನ ಬುಡದಲ್ಲಿ ಅರ್ಧ ಬನ್ನು ಬಿದ್ದಿರುತ್ತದೆ. ಮನೆಯವರು ಹಾಕಿದ್ದಲ್ಲ. ಕಾಗೆ ತಂದು ಹಾಕಿರಬೇಕು ಎಂದುಕೊಂಡು ಹೆಚ್ಚಿನವರು ಸುಮ್ಮನಾಗುತ್ತಾರೆ. ಬಹಳ ಸಲ ಅದು ನಿಜವೂ ಹೌದು. ಆದರೆ ಆ ಬನ್ನಿನೊಳಗೆ ಕಪ್ಪು ಪುಡಿಯೋ ಬಣ್ಣದ ಹರಳೋ ಇದ್ದರೆ ಮನೆಯ ನಾಯಿ ಸಂಜೆಯೊಳಗೆ ಒದ್ದಾಡಿ ಸಾಯುತ್ತದೆ. ಆಮೇಲೆ ಕೇಳಿಬರುವ ಮಾತು ಎಲ್ಲ ಕಡೆಯೂ ಒಂದೇ: ‘ಕಟ್ಟಿಹಾಕಬೇಕಿತ್ತು’, ‘ಕಂಡಿದ್ದಕ್ಕೆಲ್ಲ ಬಾಯಿ ಹಾಕದ ಹಾಗೆ ಕಲಿಸಬೇಕಿತ್ತು’. ಈ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಸಾಕಿದವರ ಎಚ್ಚರಕ್ಕೆ ಒಂದು ಮಿತಿಯಿದೆ. ತಿನ್ನುವ ಪದಾರ್ಥಕ್ಕೆ ವಿಷ ಬೆರೆಸಿ ಬಯಲಿನಲ್ಲಿ ಇಡುವುದನ್ನು ನಾವು ಮಾಮೂಲಿ ಮನೆಗೆಲಸವೆಂದು ಒಪ್ಪಿಕೊಂಡಿರುವ ತನಕ ನಾಯಿ, ಬೆಕ್ಕು, ಕೋಳಿ, ಕರು ಯಾವುದೂ ಸುರಕ್ಷಿತವಲ್ಲ. ಆ ಒಪ್ಪಿಗೆಯನ್ನೇ ನಾವು ಹಿಂದಕ್ಕೆ ಪಡೆಯಬೇಕು ಎಂಬುದು ನನ್ನ ವಾದ.

ನಾಯಿ ವಿಷ ತಿಂದಿತೆಂದ ಕೂಡಲೇ ನಮಗೆ ಹೊಳೆಯುವುದು ಯಾರೋ ಹಗೆಯವರು ಹಾಕಿದ್ದಾರೆ ಎಂದು. ಅಂಥವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಯಾರ ಮೇಲೂ ಹಗೆಯಿಲ್ಲದ ಕೈಗಳೂ ಇಂಥ ತುತ್ತನ್ನು ಇಡುತ್ತವೆ. ಇಲಿ ಪಾಷಾಣವನ್ನು ತಕ್ಕೊಳ್ಳಿ. ಕರಿದ ತಿಂಡಿಗೋ ಒಣಮೀನಿಗೋ ಸವರಿ ಕೊಟ್ಟಿಗೆಯ ಮೂಲೆಯಲ್ಲಿ, ಮೋರಿಯ ಬಾಯಲ್ಲಿ ಇಟ್ಟು ಮಲಗುತ್ತೇವೆ. ಇಲಿ ಅದನ್ನು ಅರ್ಧ ಎಳೆದುಕೊಂಡು ಹೋಗಿ ಪಕ್ಕದ ಮನೆಯ ಹಿತ್ತಲಲ್ಲಿ ಬಿಟ್ಟಿರುತ್ತದೆ. ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಮಳೆಗಾಲಕ್ಕೆ ಬಸವನಹುಳುವಿನ ಕಾಟ. ಅದಕ್ಕೆ ಅಕ್ಕಿ ತೌಡು, ಬೆಲ್ಲ ಕಲಸಿ ಔಷಧಿ ಹಾಕಿ ಉಂಡೆ ಕಟ್ಟಿ ಗಿಡದ ಬುಡದಲ್ಲಿ ಇಡುವುದು ರೂಢಿ. ಇಲ್ಲವೆ ಮೆಟಾಲ್ಡಿಹೈಡ್ ಗುಳಿಗೆ ಚೆಲ್ಲುತ್ತಾರೆ. ಹುಳುವನ್ನು ಸೆಳೆಯಲೆಂದು ಹಾಕಿದ ಬೆಲ್ಲದ ವಾಸನೆ ನಾಯಿಯನ್ನೂ ದನವನ್ನೂ ಅಷ್ಟೇ ಸೆಳೆಯುತ್ತದೆ. ಕಾಡುಹಂದಿಗೆಂದು ತಿಂಡಿಯೊಳಗೆ ಸಿಡಿಮದ್ದು ಅಡಗಿಸುವ ಕೆಲಸವಂತೂ ಇನ್ನೂ ಕ್ರೂರ. ಮೇಯಲು ಹೋದ ಹಸುವಿನ ದವಡೆಯೇ ಸಿಡಿದುಹೋಗುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಹೀಗೆ ಬಾಯಿ ಒಡೆದುಕೊಂಡು ನದಿಯ ನೀರಿನಲ್ಲಿ ನಿಂತೇ ಸತ್ತಾಗ ಇಡೀ ದೇಶ ಮರುಗಿತು. ಆ ಮದ್ದು ಇಟ್ಟಿದ್ದು ಆನೆಗಲ್ಲ.

ಇಟ್ಟವರು ಯಾರೇ ಆಗಿರಲಿ, ಹೊಟ್ಟೆಗೆ ಹೋದ ವಿಷ ಯಾವುದೆಂಬುದು ಮುಖ್ಯ. ಕಪ್ಪು ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲ ತಗುಲಿದೊಡನೆ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಬೆಳ್ಳುಳ್ಳಿಯಂತೆಯೋ ಕೊಳೆತ ಮೀನಿನಂತೆಯೋ ನಾತ ಬರುತ್ತದೆ. ನಾಯಿ ವಾಂತಿ ಮಾಡಿದರೆ ಆ ಅನಿಲ ಆರೈಕೆ ಮಾಡುವವರ ಶ್ವಾಸಕ್ಕೂ ಹೋಗಬಹುದು, ಹಾಗಾಗಿ ಕಿಟಕಿ ಬಾಗಿಲು ತೆರೆದಿಡಬೇಕು. ಬಣ್ಣದ ಬಿಲ್ಲೆಯಾಗಿ ಸಿಗುವ ಬ್ರೊಮಾಡಿಯೊಲೋನ್ ಬೇರೆಯೇ ಬಗೆಯದು. ತಿಂದ ದಿನ ಏನೂ ಆಗುವುದಿಲ್ಲ. ಮೂರು–ನಾಲ್ಕು ದಿನದ ಮೇಲೆ ನಾಯಿ ಮಂಕಾಗುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಮೂಗಿನಲ್ಲೋ ಮಲದಲ್ಲೋ ರಕ್ತ ಕಾಣುತ್ತದೆ. ಹೊತ್ತು ಮೀರದಂತೆ ವಿಟಮಿನ್ ಕೆ1 ಕೊಡಲು ಶುರುಮಾಡಿ ವಾರಗಟ್ಟಲೆ ಮುಂದುವರಿಸಿದರೆ ಬದುಕುತ್ತದೆ. ಬೆಳೆಗೆ ಹೊಡೆಯುವ ಕೀಟನಾಶಕವಾದರೆ ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಅದಕ್ಕೆ ಅಟ್ರೋಪಿನ್ ಇದೆ. ಮೆಟಾಲ್ಡಿಹೈಡ್‌ಗೆ ಅಂಥ ನೇರ ಪ್ರತ್ಯೌಷಧವಿಲ್ಲ, ಸೆಳೆತ ನಿಲ್ಲಿಸಿ ಮೈಯ ಕಾವು ಇಳಿಸಿ ಕಾಯಬೇಕಾಗುತ್ತದೆ. ಇಷ್ಟು ವ್ಯತ್ಯಾಸ ಇರುವಾಗ ನಮ್ಮಲ್ಲಿ ಎಲ್ಲದಕ್ಕೂ ಒಂದೇ ಮದ್ದು: ಹಾಲು, ಮಜ್ಜಿಗೆ, ಎಣ್ಣೆ, ಉಪ್ಪುನೀರು. ಉಪ್ಪುನೀರು ತಾನೇ ವಿಷವಾಗಬಲ್ಲದು. ಸೆಳೆತ ಬಂದ ನಾಯಿಯ ಬಾಯಿಗೆ ಏನು ಹೊಯ್ದರೂ ಶ್ವಾಸಕೋಶಕ್ಕೆ ಇಳಿಯಬಹುದು. ಮಾಡಬೇಕಾದ ಕೆಲಸ ಬೇರೆ: ಉಳಿದ ತುಂಡನ್ನು ಬರಿಗೈಯಲ್ಲಿ ಮುಟ್ಟದೆ ಕವರಿಗೆ ಹಾಕಿ, ನಾಯಿಯ ಜೊತೆಗೆ ಅದನ್ನೂ ತಗೊಂಡು ಪಶುವೈದ್ಯರಲ್ಲಿಗೆ ಓಡುವುದು. ದಾರಿಯಲ್ಲೇ ಅವರಿಗೆ ಫೋನು ಮಾಡಬೇಕು, ಅವರು ಹೇಳದ ಹೊರತು ವಾಂತಿ ಮಾಡಿಸಲು ಹೋಗಬಾರದು.

ಸಾಕಿದವರ ಪಾಲಿನ ಕೆಲಸವನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಯಿಯನ್ನು ಬಿಡುವ ಮೊದಲು ಅಂಗಳವನ್ನು ಒಂದು ಸುತ್ತು ನೋಡಿ ಬರಬೇಕು. ರಸ್ತೆ ಬದಿಯ ಗೋಡೆಯಡಿ, ಗೇಟಿನ ಸಂದಿ, ಹೂಕುಂಡಗಳ ಹಿಂದೆ ಮುಖ್ಯವಾಗಿ. ಬಾಯಲ್ಲಿರುವುದನ್ನು ‘ಬಿಡು’ ಎಂದರೆ ಬಿಡುವಂತೆ ಮರಿಯಿಂದಲೇ ಅಭ್ಯಾಸ ಮಾಡಿಸಬೇಕು. ಹೊಟ್ಟೆ ತುಂಬಿದ ನಾಯಿ ಕಸಕ್ಕೆ ಬಾಯಿ ಹಾಕುವುದು ಕಡಿಮೆ, ಆದ್ದರಿಂದ ಬೆಳಗಿನ ಊಟ ಮೊದಲು, ತಿರುಗಾಟ ಆಮೇಲೆ. ಆದರೆ ಗೋಡೆಯಾಚೆಯಿಂದ ಎಸೆದ ಮಾಂಸದ ತುಂಡಿನ ಮುಂದೆ ಯಾವ ತರಬೇತಿಯನ್ನೂ ಪೂರ್ತಿ ನಂಬುವಂತಿಲ್ಲ. ಬೆಕ್ಕಿಗಂತೂ ಗೋಡೆಯೇ ಇಲ್ಲ. ಪಾಷಾಣ ತಿಂದು ತತ್ತರಿಸುವ ಇಲಿಯನ್ನು ಹಿಡಿದು ತಿಂದರೂ ಅದಕ್ಕೆ ವಿಷ ಏರಬಹುದು.

ತಿನಿಸಿನಲ್ಲಿ ಸೇರಿದ ವಿಷಕ್ಕೆ ತನ್ನವರು ಬೇರೆಯವರು ಎಂಬ ಭೇದವಿಲ್ಲ ಎನ್ನುವುದಕ್ಕೆ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕೊಂದೇ ಸಾಕು. 2018ರ ಡಿಸೆಂಬರಿನಲ್ಲಿ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದರಿಂದ 17 ಜನ ಸತ್ತರು. 2025ರ ಜೂನಿನಲ್ಲಿ ಅದೇ ಸೀಮೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರಿಂದ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಒಟ್ಟಿಗೆ ಸತ್ತವು. ಒಂದರ ಹಿಂದೆ ಮನುಷ್ಯರ ಮೇಲಿನ ದ್ವೇಷ, ಇನ್ನೊಂದರ ಹಿಂದೆ ಹಸು ಕಳೆದುಕೊಂಡ ಸಿಟ್ಟು. ಎರಡರಲ್ಲೂ ಸಾಧನ ಮಾತ್ರ ಒಂದೇ, ಹೊಲಕ್ಕೆಂದು ಮಾರುವ ವಿಷ. ಕೈಗೆ ಅಷ್ಟು ಸುಲಭವಾಗಿ ಸಿಗದೆ ಹೋಗಿದ್ದರೆ ಆ ಸಿಟ್ಟು ಬೇರೆ ದಾರಿ ಹುಡುಕುತ್ತಿತ್ತೇನೋ, ಇಷ್ಟು ಜೀವ ಹೋಗುತ್ತಿರಲಿಲ್ಲ. ಬೀದಿನಾಯಿಗೆಂದು ಎಸೆದ ತುಂಡು ಮಗುವಿನ ಕೈಗೂ ಸಿಗಬಹುದು. ಬೆಳಕು ಹರಿಯುವ ಮುಂಚೆ ಕಸ ಎತ್ತುವ ಪೌರಕಾರ್ಮಿಕರಲ್ಲಿ ಎಷ್ಟೋ ಮಂದಿಯ ಕೈಗೆ ಗ್ಲೌಸೂ ಇರುವುದಿಲ್ಲ. ಆ ತುಂಡನ್ನು ಎತ್ತಬೇಕಾದವರು ಅವರೇ.

ನನ್ನ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಬೀದಿನಾಯಿಗಳ ಕುರಿತದ್ದು. ಶಾಲೆಗೆ ಹೋಗುವ ಮಗುವನ್ನು ನಾಯಿಗಳ ಹಿಂಡು ಅಟ್ಟಿಸಿಕೊಂಡು ಬಂದಾಗ ಪ್ರಾಣಿದಯೆಯ ಮಾತು ತಾಯಿಯ ಕಿವಿಗೆ ಹೋಗುವುದಿಲ್ಲ. ಹೋಗಬೇಕೆಂದು ನಾನು ಕೇಳುವುದೂ ಇಲ್ಲ. ಆ ಭಯ ನಿಜ, ರೇಬೀಸ್ ನಿಜ, ಪಾಲಿಕೆ ಪಂಚಾಯಿತಿಗಳು ಮಾಡಬೇಕಾದ ಕೆಲಸ ಮಾಡಿಲ್ಲ ಎಂಬ ಸಿಟ್ಟೂ ನಿಜ. ಆದರೆ ವಿಷ ಈ ಭಯವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮುಂದಿಟ್ಟಿರುವ ಲೆಕ್ಕ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಯ ಕಿವಿಗೆ ಗುರುತು ಮಾಡಿ ಬಿಡುತ್ತಾರೆ. ವಿಷ ಕಿವಿ ನೋಡಿ ಕೊಲ್ಲುವುದಿಲ್ಲ. ಮನುಷ್ಯರನ್ನು ನಂಬಿ ಹತ್ತಿರ ಬಂದು ಹಾಕಿದ್ದನ್ನು ತಿನ್ನುವುದು ಲಸಿಕೆಗೆ ಸಿಕ್ಕ ಸಾಧು ನಾಯಿ. ಯಾರ ಕೈಗೂ ಸಿಗದ ನಾಯಿ ವಿಷಕ್ಕೂ ಸಿಗುವುದು ಕಷ್ಟ. ಸತ್ತವುಗಳ ಜಾಗಕ್ಕೆ ಅನ್ನದ ಕಸ ಇರುವ ತನಕ ಪಕ್ಕದ ಬೀದಿಯವು ಬಂದೇ ಬರುತ್ತವೆ. ಬೀದಿನಾಯಿಯ ಬಗ್ಗೆ ದೂರು ಇರುವವರು ಪಾಲಿಕೆಯನ್ನು ಜೋರಾಗಿಯೇ ಕೇಳಲಿ, ನಾನೂ ಅವರ ಜೊತೆಗಿದ್ದೇನೆ.

ರೈತರ ಆಕ್ಷೇಪ ಇನ್ನೂ ನ್ಯಾಯವಾದದ್ದು. ಇಲಿ ಭತ್ತ, ತೆಂಗು, ಕಬ್ಬು ತಿಂದು ಹಾಕಿದರೆ ಆ ನಷ್ಟ ತುಂಬಿಕೊಡಲು ಯಾರೂ ಬರುವುದಿಲ್ಲ. ಔಷಧಿ ಇಡಬೇಡಿ ಎನ್ನುವುದು ಪೇಟೆಯವರ ಮಾತಾಗುತ್ತದೆ. ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ಕೃಷಿ ವಿಜ್ಞಾನಿಗಳು ಹೇಳಿಕೊಡುವ ಕ್ರಮದಲ್ಲೇ ಉತ್ತರವಿದೆ: ಮೊದಲು ಒಂದೆರಡು ದಿನ ಬರೀ ನುಚ್ಚು ಇಟ್ಟು ಇಲಿಗೆ ರೂಢಿ ಮಾಡಿಸಿ, ಆಮೇಲೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಕಲಸಿ ಹತ್ತತ್ತು ಗ್ರಾಮಿನ ಪೊಟ್ಟಣ ಕಟ್ಟಿ ಜೀವಂತ ಬಿಲದ ಒಳಕ್ಕೆ ಹಾಕಿ ಬಾಯಿ ಮುಚ್ಚಬೇಕು. ಸತ್ತ ಇಲಿಯನ್ನು ಹುಡುಕಿ ಹೂಳಬೇಕು. ಮನೆ, ಗೋದಾಮುಗಳಲ್ಲಿ ಇಲಿ ಮಾತ್ರ ನುಗ್ಗಬಲ್ಲ ಬೀಗದ ಪೆಟ್ಟಿಗೆ ಬಳಸಬಹುದು. ಬದುವಿನ ಮೇಲೆ ಚೆಲ್ಲಿದ ಪಾಷಾಣ ಇಲಿಗಿಂತ ಮೊದಲು ನವಿಲಿಗೆ, ನಾಯಿಗೆ, ಮೇಕೆಗೆ ಸಿಗುತ್ತದೆ; ರೈತರಿಗೂ ಅದರಿಂದ ನಷ್ಟವೇ. ಬಿಲಕ್ಕೆ ಹಾಕಲು ಕೂಲಿ ಹೆಚ್ಚು ಬೇಕು ಎಂಬುದು ಸರಿ. ಆ ಕೂಲಿಗೆ ಪಂಚಾಯಿತಿಯೋ ಇಲಾಖೆಯೋ ಹೆಗಲು ಕೊಡಲಿ, ಅದು ಸಣ್ಣ ಖರ್ಚು.

ಕಾನೂನು ಇದೆಯೇ ಎಂದರೆ ಇದೆ, ಅರೆಮನಸ್ಸಿನದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಂದು ಆ ದುಡ್ಡಿಗೆ ಇಲಿ ಪಾಷಾಣವೂ ಸಿಗದಿರಬಹುದು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಪ್ರಾಣಿಯನ್ನು ವಿಷ ಹಾಕಿ ಕೊಂದರೆ 5 ವರ್ಷದವರೆಗೆ ಸಜೆಯಿದೆ, ಪ್ರಾಣಿಯ ಬೆಲೆ ಎಷ್ಟೆಂದು ಹಳೆಯ ಸಂಹಿತೆ ಕೇಳುತ್ತಿದ್ದ ಪ್ರಶ್ನೆಯೂ ಈಗಿಲ್ಲ. ಮನುಷ್ಯರಿಗೆ ಅಪಾಯವಾಗುವಂತೆ ವಿಷವನ್ನು ನಿರ್ಲಕ್ಷ್ಯದಿಂದ ಬಳಸಿದರೆ 286ನೇ ಕಲಂ. ಇವು ಕೆಲಸ ಮಾಡದಿರಲು ಒಂದು ದೊಡ್ಡ ಕಾರಣ ಸಾಕ್ಷ್ಯ ಇಲ್ಲದಿರುವುದು. ನಾಯಿ ಸತ್ತ ದುಃಖದಲ್ಲಿ ಅಂಗಳ ತೊಳೆದು, ಹಿತ್ತಲಲ್ಲಿ ಹೂತು, ಬನ್ನನ್ನು ಮೋರಿಗೆ ಎಸೆದಿರುತ್ತೇವೆ. ತುಂಡು ಬಿದ್ದ ಜಾಗದ ಫೋಟೊ, ಉಳಿದ ತುಂಡು, ಸರ್ಕಾರಿ ಪಶುವೈದ್ಯರ ಮರಣೋತ್ತರ ವರದಿ, ಪ್ರಯೋಗಾಲಯಕ್ಕೆ ಕಳಿಸಲು ಹೊಟ್ಟೆಯ ಮತ್ತು ಯಕೃತ್ತಿನ ಮಾದರಿ ಇದ್ದರೆ ದೂರಿಗೆ ಜೀವ ಬರುತ್ತದೆ. ಸಾಕಿದವರಿಲ್ಲದ ಬೀದಿನಾಯಿಗೂ ಯಾರಾದರೂ ಒಬ್ಬರು ದೂರು ಕೊಡಬಹುದು, ಕೊಡಬೇಕು.

ಇನ್ನು ಅಂಗಡಿಯ ಕಡೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದಂತೆ ಫೋರೇಟ್ ಎಂಬ ಕೀಟನಾಶಕದ ಹರಳಿನ ಮಾರಾಟ 2020ರ ಕೊನೆಗೆ ನಿಲ್ಲಬೇಕಿತ್ತು. ಹಳೆಯ ದಾಸ್ತಾನು ಎಲ್ಲೂ ಉಳಿದಿಲ್ಲವೆಂದು ಕೃಷಿ ಇಲಾಖೆ ತಾಲ್ಲೂಕುವಾರು ತಪಾಸಣೆ ಮಾಡಿ ಹೇಳಲಿ. ಗೊಬ್ಬರದಂಗಡಿಯಲ್ಲಿ ಕೀಟನಾಶಕವನ್ನು ಬಿಡಿಯಾಗಿ ಕವರಿಗೆ ಸುರಿದು ಕೊಡುವುದು ನಿಲ್ಲಲಿ, ಕೊಂಡವರ ಹೆಸರು ಮತ್ತು ಬೆಳೆ ರಿಜಿಸ್ಟರಿನಲ್ಲಿ ಇರಲಿ. ಇಲಿಗೋ ಹುಳುವಿಗೋ ಔಷಧಿ ಇಡುವವರು ಎರಡು ದಿನ ಮೊದಲೇ ಅಕ್ಕಪಕ್ಕದ ಮನೆಗೆ, ಬಡಾವಣೆಯ ವಾಟ್ಸಾಪ್ ಗುಂಪಿಗೆ, ಹಾಲು ತರುವವರಿಗೆ ತಿಳಿಸಲಿ. ಎಲ್ಲಿ ಇಟ್ಟಿದ್ದೇವೆ ಎಂಬುದರ ಜೊತೆಗೆ ಔಷಧಿಯ ಹೆಸರನ್ನೂ ಹೇಳಲಿ. ಆ ಹೆಸರು ಗೊತ್ತಿದ್ದರೆ ನಡುಗುವ ನಾಯಿಯನ್ನು ಎತ್ತಿಕೊಂಡು ಬಂದವರ ಮುಂದೆ ಪಶುವೈದ್ಯರು ಊಹೆ ಮಾಡುತ್ತ ಕೂರಬೇಕಾಗಿಲ್ಲ.