ಚಿನ್ನದ ಪದಕ, ಮುರಿದ ಹೆಬ್ಬೆರಳು

ಬಡವನ ಸಿಟ್ಟು ದವಡೆಗೆ ಮೂಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮುಷ್ಟಿಯುದ್ಧದ ಅಖಾಡದಲ್ಲಿ ಈ ಗಾದೆಗೆ ಇನ್ನೊಂದು ಅರ್ಥವೂ ಉಂಟು. ಅಲ್ಲಿ ಒಬ್ಬ ಬಡವನ ಮುಷ್ಟಿ ಇನ್ನೊಬ್ಬ ಬಡವನ ದವಡೆಗೆ ಬೀಳುತ್ತದೆ. ಟಿಕೇಟಿನ ಹಣ ಮೂರನೆಯವನ ಜೇಬಿಗೆ ಬೀಳುತ್ತದೆ. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಅಮೆರಿಕದ ಜೋ ಫ್ರೇಜಿಯರನ ಬಾಳು ಇದಕ್ಕೆ ಸಾಕ್ಷಿ.

ಫ್ರೇಜಿಯರ್ ಹುಟ್ಟಿದ್ದು 1944ರಲ್ಲಿ, ದಕ್ಷಿಣ ಕೆರೋಲಿನಾದ ಬ್ಯೂಫರ್ಟ್ ಎಂಬಲ್ಲಿ, ಹೊಲದಲ್ಲಿ ದುಡಿಯುವ ಕಪ್ಪು ಜನರ ಮನೆಯಲ್ಲಿ. ತಂದೆಗೆ ಎಡಗೈ ಇರಲಿಲ್ಲ. ಅಪ್ಪನಿಂದಾಗದ ಕೆಲಸಕ್ಕೆಲ್ಲ ಮಗನ ಕೈಯೇ ಆಸರೆ. ಹುಡುಗನಾಗಿದ್ದಾಗ ಹಂದಿಯೊಂದು ಅಟ್ಟಿಸಿಕೊಂಡು ಬಂದು, ಬಿದ್ದು, ಇವನ ಎಡಗೈಗೂ ಪೆಟ್ಟಾಯಿತು. ವೈದ್ಯನಿಗೆ ಕೊಡಲು ಹಣವಿರಲಿಲ್ಲ. ಕೈ ಹೇಗೋ ತಾನೇ ಕೂಡಿಕೊಂಡಿತು. ಆದರೆ ಪೂರ್ತಿ ನೆಟ್ಟಗಾಗಲಿಲ್ಲ. ಮುಂದೆ ಜಗತ್ತಿನ ಜಟ್ಟಿಗಳನ್ನೆಲ್ಲ ನೆಲಕ್ಕೆ ಕೆಡವಿದ್ದು ಈ ಸೊಟ್ಟಗೈಯೇ.

ಹದಿನೈದರ ವಯಸ್ಸಿಗೆ ಊರು ಬಿಟ್ಟ ಹುಡುಗ ನ್ಯೂಯಾರ್ಕಿಗೆ ಹೋದ. ಅಲ್ಲಿಂದ ಫಿಲಡೆಲ್ಫಿಯಾಕ್ಕೆ ಬಂದು ಕಸಾಯಿಖಾನೆಯಲ್ಲಿ ಕೂಲಿಗೆ ನಿಂತ. ಬಿಡುವು ಸಿಕ್ಕಾಗ ತೂಗುಹಾಕಿದ ದನದ ಮಾಂಸಕ್ಕೇ ಗುದ್ದಿ ಅಭ್ಯಾಸ ಮಾಡಿದ. 1964ರಲ್ಲಿ ಒಲಿಂಪಿಕ್ಸಿನ ಆಯ್ಕೆಯಲ್ಲಿ ಬಸ್ಟರ್ ಮ್ಯಾಥಿಸನಿಗೆ ಸೋತ. ಆದರೆ ಮ್ಯಾಥಿಸನ ಕೈಗೆ ಪೆಟ್ಟಾದುದರಿಂದ ಬದಲಿಯಾಗಿ ಟೋಕಿಯೋಗೆ ಹೋದ. ಉಪಾಂತ್ಯ ಪಂದ್ಯದಲ್ಲಿ ಇವನ ಎಡಗೈ ಹೆಬ್ಬೆರಳೇ ಮುರಿಯಿತು. ಹೇಳಿದರೆ ಅಖಾಡಕ್ಕೆ ಬಿಡುವುದಿಲ್ಲವೆಂದು ನೋವು ನುಂಗಿಕೊಂಡು, ಅಂತಿಮ ಪಂದ್ಯದಲ್ಲಿ ಜರ್ಮನಿಯ ಹಾನ್ಸ್ ಹೂಬರನನ್ನು 3-2ರ ತೀರ್ಪಿನಲ್ಲಿ ಸೋಲಿಸಿದ. ಆ ಸಲ ಮುಷ್ಟಿಯುದ್ಧದಲ್ಲಿ ಅಮೆರಿಕಕ್ಕೆ ಬಂದ ಚಿನ್ನ ಅದೊಂದೇ.

ಈಗ ಮುಂದಿನ ಸಂಗತಿ ಕೇಳಿರಿ. ದೇಶದ ಮಾನ ಉಳಿಸಿದವನು ಮನೆಗೆ ಬಂದ. ಕೊರಳಲ್ಲಿ ಚಿನ್ನ, ಕೈಗೆ ಪಟ್ಟಿ. ಮುರಿದ ಕೈಯಲ್ಲಿ ಮಾಂಸ ಹೊರಲಾಗದು, ಹೊರದಿದ್ದರೆ ಕೂಲಿಯಿಲ್ಲ. ಮನೆಯಲ್ಲಿ ಹೆಂಡತಿ, ಮಕ್ಕಳು. ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಇವನ ಅವಸ್ಥೆಯನ್ನು ಪತ್ರಿಕೆಗಳು ಬರೆದವು. ಊರಿನ ಜನ ಮರುಗಿ ಹಣವನ್ನೂ ಮಕ್ಕಳಿಗೆ ಆಟಿಕೆಗಳನ್ನೂ ಕಳಿಸಿದರು. ಆ ಜನರ ಅಂತಃಕರಣ ದೊಡ್ಡದು, ನಿಜ. ಆದರೆ ದೇಶಕ್ಕಾಗಿ ಬೆರಳು ಮುರಿದುಕೊಂಡವನಿಗೆ ಹಕ್ಕಾಗಿ ಬರಬೇಕಾದದ್ದು ಭಿಕ್ಷೆಯಾಗಿ ಬರಬೇಕೆ? ಯಂತ್ರಕ್ಕೆ ಬೆರಳು ಕೊಟ್ಟು ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದ ಸಂಗಾತಿಗಳನ್ನು ಕಂಡಿರುವ ನಮ್ಮ ಗಿರಣಿ ಬಂಧುಗಳಿಗೆ ಈ ಪ್ರಶ್ನೆ ಹೊಸದಲ್ಲ.

ಇನ್ನು ವ್ಯಾಪಾರದ ಮಾತು. 1965ರ ಕೊನೆಯಲ್ಲಿ ಫಿಲಡೆಲ್ಫಿಯಾದ ಕೆಲವರು ಕೂಡಿ ಕ್ಲೋವರ್‌ಲೇ ಎಂಬ ಕಂಪನಿ ಕಟ್ಟಿದರು. ಒಂದು ಷೇರಿಗೆ 250 ಡಾಲರು. ಕಂಪನಿಯ ಸರಕು ಯಾವುದು? ಬಟ್ಟೆಯಲ್ಲ, ಬೆಲ್ಲವಲ್ಲ, ಜೋ ಫ್ರೇಜಿಯರನ ಮೈ! ಅವನು ಗೆದ್ದಂತೆಲ್ಲ ಷೇರಿನ ಬೆಲೆ ಹಲವು ಪಟ್ಟು ಏರಿತು. ಕಂಪನಿ ಅವನಿಗೆ ಮೋಸ ಮಾಡಿತೆಂದು ನಾವು ಹೇಳುವುದಿಲ್ಲ. ಆ ದಂಧೆಯಲ್ಲಿದ್ದ ಪುಂಡ ದಲಾಲಿಗಳಿಗಿಂತ ಅದು ಎಷ್ಟೋ ಮೇಲು. ಆದರೂ ಲೆಕ್ಕ ಬಲ್ಲ ಅಂಗಡಿಕಾರ ಮಿತ್ರರು ಇದನ್ನು ಯೋಚಿಸಲಿ: ಷೇರುದಾರ ಕಳೆದುಕೊಳ್ಳಬಹುದಾದದ್ದು 250 ಡಾಲರು, ಫ್ರೇಜಿಯರ್ ಕಳೆದುಕೊಳ್ಳಬಹುದಾದದ್ದು ಕಣ್ಣು, ಪ್ರಾಣ. ಇಬ್ಬರದೂ ಒಂದೇ ತೂಕದ ಬಂಡವಾಳವೇ?

ಆ ಕಾಲದ ಇನ್ನೊಬ್ಬ ವೀರ ಮುಹಮ್ಮದ್ ಅಲಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರುವುದಿಲ್ಲವೆಂದು ನಿರಾಕರಿಸಿ 1967ರಲ್ಲಿ ಪಟ್ಟ ಕಳೆದುಕೊಂಡ ಆ ಧೀರನಿಗೆ ನಮ್ಮ ಗೌರವವಿದೆ. ಆ ಕಷ್ಟದ ದಿನಗಳಲ್ಲಿ ಅವನಿಗೆ ಹಣ ಕೊಟ್ಟು, ಮರಳಿ ಅಖಾಡಕ್ಕೆ ಬಿಡಬೇಕೆಂದು ವಾದಿಸಿದವರಲ್ಲಿ ಫ್ರೇಜಿಯರನೂ ಒಬ್ಬ. ಆದರೆ ಇಬ್ಬರೂ ಎದುರುಬದುರಾದಾಗ ಟಿಕೇಟು ಮಾರಬೇಕಲ್ಲ! ಅಲಿ ಇವನನ್ನು ಬಿಳಿಯರ ಬಂಟನೆಂದು ಹಂಗಿಸಿದ, ಗೊರಿಲ್ಲಾ ಎಂದು ಕರೆದು ನಗಿಸಿದ. ಹೊಲದಲ್ಲಿ, ಕಸಾಯಿಖಾನೆಯಲ್ಲಿ ದುಡಿದು ಬಂದ ಕೂಲಿಯವನು ಬಿಳಿಯರ ಬಂಟನೇ? 1971ರ ಮಾರ್ಚ್ 8ರಂದು ಫ್ರೇಜಿಯರ್ ಗೆದ್ದ. ಹದಿನೈದನೆಯ ಸುತ್ತಿನಲ್ಲಿ ಆ ಎಡಗೈ ಅಲಿಯನ್ನು ನೆಲಕ್ಕೆ ಬೀಳಿಸಿತು. 1975ರ ಅಕ್ಟೋಬರ್ 1ರಂದು ಮನೀಲಾ ಬಳಿ, ಸೈನಿಕ ಕಾನೂನು ಹೇರಿ ಆಳುತ್ತಿದ್ದ ಮಾರ್ಕೋಸನ ನಾಡಿನಲ್ಲಿ, ಇಬ್ಬರೂ ಸಾವಿನ ಹೊಸ್ತಿಲವರೆಗೆ ಹೋದರು. ಕಣ್ಣು ಮುಚ್ಚಿಹೋಗಿದ್ದ ಫ್ರೇಜಿಯರನನ್ನು ಹದಿನಾಲ್ಕು ಸುತ್ತಾದ ಮೇಲೆ ಅವನ ಗುರು ಎಡ್ಡಿ ಫಚ್ ಹಿಂದಕ್ಕೆ ಕೂರಿಸಿದ. ಸರ್ವಾಧಿಕಾರಿಗೆ ಪ್ರಚಾರ, ದಲಾಲಿಗಳಿಗೆ ಲಾಭ. ಇಬ್ಬರು ಕಪ್ಪು ಮಕ್ಕಳಿಗೆ ಬಾಳೆಲ್ಲ ಉಳಿದ ನೋವು. 2001ರಲ್ಲಿ ಅಲಿ ತನ್ನ ಮಾತುಗಳಿಗಾಗಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದ. ಒಳ್ಳೆಯದೇ. ಜಗಳ ಹಚ್ಚಿ ಹಣ ಮಾಡಿದವರು ಮಾತ್ರ ಯಾರ ಕ್ಷಮೆಯನ್ನೂ ಕೇಳಲಿಲ್ಲ.

"ಅಯ್ಯಾ, ಅವನಿಗೆ ಲಕ್ಷಗಟ್ಟಲೆ ಡಾಲರು ಬಂತಲ್ಲ, ಅಳುವುದೇಕೆ?" ಎನ್ನುವವರುಂಟು. 1971ರ ಆ ಒಂದು ಪಂದ್ಯಕ್ಕೇ 25 ಲಕ್ಷ ಡಾಲರು ಬಂತು, ನಿಜ. ಆದರೆ ಮ್ಯಾಥಿಸನ ಕೈಗೆ ಪೆಟ್ಟಾಗದಿದ್ದರೆ? ಫ್ರೇಜಿಯರ್ ಮಾಂಸ ಹೊರುತ್ತಲೇ ಇರುತ್ತಿದ್ದನೇನೋ. ಸಾವಿರದಲ್ಲಿ ಒಬ್ಬ ಅದೃಷ್ಟದಿಂದ ಮೇಲೆದ್ದರೆ ಉಳಿದವರ ಹಸಿವು ನ್ಯಾಯವಾಗುವುದಿಲ್ಲ. ಆ ಒಬ್ಬನೂ ಕೊನೆಗಾಲದಲ್ಲಿ ತನ್ನ ಗರಡಿಯ ಮೇಲಿನ ಕೋಣೆಯಲ್ಲೇ ವಾಸವಾಗಿದ್ದ. ಕೇರಿಯ ಹುಡುಗರನ್ನು ತಯಾರು ಮಾಡುತ್ತಿದ್ದ ಆ ಗರಡಿಯೂ 2008ರಲ್ಲಿ ಮುಚ್ಚಿತು. 2011ರ ನವೆಂಬರ್ 7ರಂದು ಆತ ತೀರಿಕೊಂಡ.

ಮಾಂಸಕ್ಕೆ ಗುದ್ದುವ ಅವನ ಅಭ್ಯಾಸವನ್ನು 1976ರ 'ರಾಕಿ' ಸಿನಿಮಾ ಎತ್ತಿಕೊಂಡಿತು. ಆ ಕಲ್ಪನೆಯ ಬಿಳಿ ಮುಷ್ಟಿಪಟುವಿಗೆ ಫಿಲಡೆಲ್ಫಿಯಾದಲ್ಲಿ 1980ರ ದಶಕದಲ್ಲೇ ಕಂಚಿನ ಪ್ರತಿಮೆ ನಿಂತಿತು. ನಿಜವಾಗಿ ದುಡಿದ ಕಪ್ಪು ಮನುಷ್ಯನಿಗೆ ನಿಂತದ್ದು 2015ರಲ್ಲಿ, ಸತ್ತು ನಾಲ್ಕು ವರ್ಷವಾದ ಮೇಲೆ.

ಪ್ರತಿಮೆ ತಡವಾದರೂ ಚಿಂತೆಯಿಲ್ಲ. ಕಲ್ಲಿಗೆ, ಕಂಚಿಗೆ ಹಸಿವಿಲ್ಲ. 1964ರ ಆ ಹಬ್ಬದ ದಿನ ಮುರಿದ ಕೈಗೆ ಒಂದು ವಾರದ ಕೂಲಿ ಸಿಕ್ಕಿದ್ದರೆ ಅದೇ ದೊಡ್ಡ ಗೌರವವಾಗುತ್ತಿತ್ತು. ಆಟವೂ ದುಡಿಮೆಯೇ. ದುಡಿಯುವ ಕೈ ಮುರಿದಾಗ ಅನ್ನ ನಿಲ್ಲಬಾರದು. ಪದಕ ಹಂಚುವ ಸರಕಾರಗಳು ಮೊದಲು ಇಷ್ಟನ್ನು ಕಲಿಯಲಿ.